ತಳ ಹಿಡಿದ ಬಾತ್

ಸ್ಟರ್ಲಿಂಗಿನ ಕನ್ನಡ ಬಳಗದಲ್ಲಿ ರಾಜಲಕ್ಷ್ಮಿಯ ಪರಿಚಯ ಇಲ್ಲದವರು ಇರಬಹುದು, ಅವಳ ತಳದ ಬಾತಿನ ಪರಿಚಯ ಇಲ್ಲದವರು ಇರಲಿಲ್ಲ. ಯುಗಾದಿಗೋ ಗಣೇಶನ ಹಬ್ಬಕ್ಕೋ ಪಾಟ್‌ಲಕ್ ಊಟ, ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತರಬೇಕು ಎಂದು ಗೊತ್ತಾದ ಕೂಡಲೇ ವಾಟ್ಸಾಪ್ ಗುಂಪಿನಲ್ಲಿ ಯಾರಾದರೊಬ್ಬರು, "ರಾಜಿ ಆಂಟಿ ತಳದ ಬಾತ್ ತರ್ತಿದಾರೆ ತಾನೆ?" ಎಂದು ಕೇಳಿಬಿಡುತ್ತಿದ್ದರು. ಬೇರೆಯವರು ಬಾದಾಮಿ ಅರೆದು, ಕೇಸರಿ ಉದುರಿಸಿ ತಂದದ್ದು ಅರ್ಧಕ್ಕರ್ಧ ಮಿಕ್ಕು ಮನೆಗೆ ವಾಪಸಾಗುತ್ತಿತ್ತು. ರಾಜಲಕ್ಷ್ಮಿಯ ಪಾತ್ರೆಯನ್ನು ಮಾತ್ರ ಜನ ಸೌಟು ಹಾಕಿ ಕೆರೆಯುತ್ತಿದ್ದರು. ಅದರಲ್ಲಿ ಇದ್ದದ್ದಾದರೂ ಏನು? ಅಲಸಂದೆಕಾಳು, ಅಕ್ಕಿ, ಮೂರು ತರಕಾರಿ, ಎರಡು ಪುಡಿ. ಕೈ ತೀರ ಬಿಗಿಯಾದ ಕಾಲದಲ್ಲಿ ಕಲಿತ ಅಡುಗೆ ಅದು. ಯಾರಾದರೂ ಹೊಗಳಿದರೆ ರಾಜಲಕ್ಷ್ಮಿ ತಲೆ ತಗ್ಗಿಸುತ್ತಿದ್ದಳು. ಎಷ್ಟು ವಿನಯ ನೋಡಿ ಎಂದು ಜನ ಅದನ್ನೂ ಹೊಗಳುತ್ತಿದ್ದರು. ಅದು ವಿನಯವಾಗಿರಲಿಲ್ಲ, ನಾಚಿಕೆಯಾಗಿತ್ತು.

ಮೈಸೂರಿನ ಸರಸ್ವತೀಪುರಂನವಳು ರಾಜಲಕ್ಷ್ಮಿ. ಬಿ.ಎಡ್. ಮಾಡಿ ಎಂಟು ವರ್ಷ ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದವಳು. ಆಮೇಲೆ ಗಂಡ ವೇಣುಗೋಪಾಲನ ಜೊತೆ ಇಲ್ಲಿಗೆ ಬಂದಳು, ಮಗಳು ಮೇಧಾ ಇಲ್ಲೇ ಹುಟ್ಟಿದಳು. ಗ್ರೀನ್ ಕಾರ್ಡ್ ಬಂದು ಒಂದು ವರ್ಷ ತುಂಬುವುದರೊಳಗೆ ಕೋವಿಡ್ ಬಂತು. ಡೇಟಾ ಸೆಂಟರಿನಲ್ಲಿದ್ದ ವೇಣುಗೋಪಾಲನ ಕೆಲಸ ಹೋಯಿತು, ಹದಿನಾಲ್ಕು ತಿಂಗಳು ಇನ್ನೊಂದು ಸಿಗಲಿಲ್ಲ. ಸಿಕ್ಕಾಗಲೂ ಮೊದಲಿನ ಸಂಬಳ ಸಿಗಲಿಲ್ಲ. ಆ ಸಮಯಕ್ಕೆ ಸರಿಯಾಗಿ ಶಾಲೆಗಳು ಬಾಗಿಲು ತೆರೆದವು, ಕೆಫೆಟೀರಿಯಾಗಳಲ್ಲಿ ಬಡಿಸುವ ಕೈಗಳೇ ಇರಲಿಲ್ಲ. ೨೦೨೧ರ ಸೆಪ್ಟೆಂಬರಿನಲ್ಲಿ ರಾಜಲಕ್ಷ್ಮಿ ಮನೆಯಿಂದ ಹತ್ತು ನಿಮಿಷದ ದಾರಿಯ ಎಲಿಮೆಂಟರಿ ಶಾಲೆಯೊಂದರ ಅಡುಗೆಮನೆಗೆ ಸೇರಿಕೊಂಡಳು.

ಅಡುಗೆ ಮಾಡಿ ಬಡಿಸುವುದರಲ್ಲಿ ನಾಚಿಕೆ ಏನು ಬಂತು ಎಂದು ನೀವು ಕೇಳಬಹುದು. ಮನೆಯಲ್ಲಿ ಐವತ್ತು ಜನಕ್ಕೆ ಬಡಿಸಿದರೆ ಸಾಕ್ಷಾತ್ ಅನ್ನಪೂರ್ಣೆ. ಅದನ್ನೇ ತಲೆಗೆ ಬಲೆ ಕಟ್ಟಿ, ಕೈಗೆ ಗ್ಲೌಸ್ ಹಾಕಿ, ಗಂಟೆಯ ಲೆಕ್ಕದ ಸಂಬಳಕ್ಕೆ ಮಾಡಿದರೆ ಮರ್ಯಾದೆ ಹೋಯಿತು. ನಮ್ಮ ಜನ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾದ್ದೂ ಇಲ್ಲ, ಎಲ್ಲರಿಗೂ ಗೊತ್ತು. ಬಳಗದ ಹೆಂಗಸರು ಕೇಳಿದಾಗ ರಾಜಲಕ್ಷ್ಮಿ, "ಸ್ಕೂಲ್‌ನಲ್ಲಿದೀನಿ" ಎಂದಳು. ಅವಳು ಮೊದಲು ಟೀಚರಾಗಿದ್ದದ್ದು ಅವರಿಗೆ ಗೊತ್ತಿತ್ತು. "ಅಯ್ಯೋ, ಒಳ್ಳೇದಾಯ್ತು ಬಿಡಿ, ನಿಮ್ಮ ಲೈನೇ ಸಿಕ್ತಲ್ಲ" ಎಂದರು. ಅಲ್ಲ ಎಂದು ಅವಳು ಹೇಳಲಿಲ್ಲ. ವೇಣುಗೋಪಾಲನೂ, "ನೀನಾಗಿ ಸುಳ್ಳು ಹೇಳಿಲ್ವಲ್ಲ ರಾಜಿ, ಅವರೇ ಅಂದ್ಕೊಂಡ್ರೆ ನಾವೇನ್ ಮಾಡೋಕಾಗತ್ತೆ" ಎಂದು ಸಮಾಧಾನ ಹೇಳಿದ. ಗಂಡಂದಿರ ಸಮಾಧಾನ ಎಷ್ಟೋ ಸಲ ಇಂಥದ್ದೇ.

ಆ ಅಡುಗೆಮನೆಯ ಯಜಮಾನಿ ಮಿಸ್ ಡೆಲ್ಫೀನ್. ಅರವತ್ತು ದಾಟಿದ, ಎತ್ತರದ ಕಪ್ಪು ಹೆಂಗಸು. ಹುಟ್ಟಿದ್ದು ದಕ್ಷಿಣದ ಲೂಸಿಯಾನಾದ ಒಂದು ಚಿಕ್ಕ ಊರಿನಲ್ಲಿ, ಇಲ್ಲಿಗೆ ಬಂದು ಮೂವತ್ತು ವರ್ಷ ದಾಟಿತ್ತು. ಮೊದಲ ದಿನ ಚಿಕನ್ ತುಂಬಿದ ಟ್ರೇ ಮುಂದೆ ನಿಂತು ರಾಜಲಕ್ಷ್ಮಿಯ ಮುಖ ಬಿಳಿಚಿಕೊಂಡದ್ದನ್ನು ಅವರು ನೋಡಿದರು. ಯಾಕೆ ಏನು ಎಂದು ಕೇಳಲಿಲ್ಲ. ಮಾರನೇ ದಿನದಿಂದ ಮಾಂಸದ ಕಡೆ ತಾವೇ ನಿಂತು, ಹಾಲು, ಹಣ್ಣು, ತರಕಾರಿಯ ಕಡೆಗೆ ಅವಳನ್ನು ಹಾಕಿದರು. ಬೇರೆ ಯಾರೋ ಗೊಣಗಿದಾಗ, "ಮಿಸ್ ರಾಜ್ ಅಲ್ಲಿ ಚೆನ್ನಾಗಿ ಮಾಡ್ತಾಳೆ" ಎಂದಷ್ಟೇ ಹೇಳಿ ಮಾತು ಮುಗಿಸಿದರು.

ಆ ಚಳಿಗಾಲದಲ್ಲಿ ರಾಜಲಕ್ಷ್ಮಿ ದಿನಾ ತರುತ್ತಿದ್ದದ್ದು ಮೊಸರನ್ನ. ಡೆಲ್ಫೀನ್ ಎರಡು ವಾರ ನೋಡಿದರು. ಮೂರನೇ ವಾರ ಪಕ್ಕದಲ್ಲಿ ಕೂತು, "ಮನೇಲಿ ಎಷ್ಟು ಜನ?" ಎಂದರು.

"ಮೂರು."

"ನಮ್ಮಮ್ಮನ ಮನೇಲಿ ಒಂಬತ್ತು. ಒಂದು ಚೀಲ ಕಾಳು, ಒಂದು ಚೀಲ ಅಕ್ಕಿ ಇದ್ರೆ ಅಮ್ಮ ವಾರ ತಳ್ತಿದ್ಲು, ಒಬ್ಬರೂ ಗೊಣಗ್ತಿರಲಿಲ್ಲ. ಶನಿವಾರ ಮನೇಲಿರ್ತೀಯಾ?"

ಶನಿವಾರ ಬಂದವರ ಕೈಯಲ್ಲಿ ಒಂದು ಸೆಲರಿ ದಂಟಿನ ಕಟ್ಟು, ಎರಡು ದಪ್ಪಮೆಣಸಿನಕಾಯಿ ಇತ್ತು. "ನಿನ್ನ ಪಾತ್ರೇಲೇ ಮಾಡೋಣ. ನನ್ನ ಪಾತ್ರೆ ನಲವತ್ತು ವರ್ಷ ಹಂದಿಮಾಂಸದ ಸಾಸೇಜ್ ತಿಂದಿದೆ" ಎಂದರು. ರಾಜಲಕ್ಷ್ಮಿ ಮದುವೆಯಲ್ಲಿ ಬಂದ ದಪ್ಪ ತಳದ ಪಾತ್ರೆ ತೆಗೆದಳು. ಎಣ್ಣೆ ಕಾಯಿತು, ಈರುಳ್ಳಿ ಬಿತ್ತು. ಈರುಳ್ಳಿ ಹೊಂಬಣ್ಣಕ್ಕೆ ಬಂದಾಗ ರಾಜಲಕ್ಷ್ಮಿ ಉರಿ ತಗ್ಗಿಸಲು ಕೈಚಾಚಿದಳು. ಡೆಲ್ಫೀನ್ ಬೇಡವೆಂದರು. ಈರುಳ್ಳಿ ಕಂದಾಯಿತು, ಇನ್ನೂ ಕಂದಾಯಿತು, ಪಾತ್ರೆಯ ತಳ ಹಿಡಿಯತೊಡಗಿತು. ತಳ ಹಿಡಿಯುವ ವಾಸನೆ ಬಂದರೆ ಸುಮ್ಮನೆ ನಿಲ್ಲುವ ಕನ್ನಡದ ಹೆಂಗಸು ಎಲ್ಲಿದ್ದಾಳೆ? ರಾಜಲಕ್ಷ್ಮಿ ನೀರಿನ ಲೋಟ ಎತ್ತಿಯೇಬಿಟ್ಟಳು. ಡೆಲ್ಫೀನ್ ಅವಳ ಮಣಿಕಟ್ಟು ಹಿಡಿದುಕೊಂಡರು.

"ಸೀದುಹೋಗತ್ತೆ" ಎಂದಳು ರಾಜಲಕ್ಷ್ಮಿ.

"ಸೀಯಲ್ಲ. ಹಿಡೀಲಿ. ಸಾಸೇಜ್ ಇಲ್ಲದ ಮನೇಲಿ ರುಚಿ ಬರೋದೇ ಅಲ್ಲಿಂದ. ಈಗ ವಾಸನೆ ನೋಡು, ಈಗ. ಈಗ ಹಾಕು."

ಕಾಳು ಬೆಂದ ನೀರನ್ನು ಒಂದು ಸೌಟು ಹಾಕಿ, ಮರದ ಚಮಚದಿಂದ ತಳವನ್ನೆಲ್ಲ ಕೆರೆದು ಬಿಡಿಸಿದರು. ಮತ್ತೆ ಹಿಡಿಯಲು ಬಿಟ್ಟರು, ಮತ್ತೆ ಕೆರೆದರು. ಹೀಗೆ ಮೂರು ಸಲ. ಆಮೇಲೆ ಸೆಲರಿ, ಮೆಣಸಿನಕಾಯಿ, ಪಲಾವ್ ಎಲೆ, ಹೊಗೆ ವಾಸನೆಯ ಕೆಂಪು ಪುಡಿ, ಕೊನೆಗೆ ಬೆಂದ ಅಲಸಂದೆ ಮತ್ತು ಅಕ್ಕಿ. ಖಾರಕ್ಕೆ ರಾಜಲಕ್ಷ್ಮಿ ಮನೆಯ ಬ್ಯಾಡಗಿ ಪುಡಿ ಕೊಟ್ಟಳು. ಡೆಲ್ಫೀನ್ ಮೂಸಿ ನೋಡಿ ತಲೆದೂಗಿದರು. ಮುಚ್ಚಳ ಮುಚ್ಚಿದ ಮೇಲೆ, "ಇಪ್ಪತ್ತು ನಿಮಿಷ ಇದನ್ನ ಯಾರಾದ್ರೂ ತೆಗೆದ್ರೆ ನಾನು ಮನೆಗೆ ಹೋಗ್ತೀನಿ" ಎಂದರು. ಇದಕ್ಕೆ ಜಂಬಲಾಯ ಎನ್ನುತ್ತಾರೆ, ತಮ್ಮ ಊರಿನ ಕಡೆಯ ಫ್ರೆಂಚ್ ಮೂಲದ ಕೇಜನ್ ಜನರ ಮನೆಗಳಲ್ಲಿ, ತಮ್ಮಂಥ ಕಪ್ಪು ಜನರ ಮನೆಗಳಲ್ಲೂ, ಹೀಗೆಯೇ ಕಂದು ಬಣ್ಣಕ್ಕೆ ಮಾಡುತ್ತಾರೆ ಎಂದು ವಿವರಿಸಿದರು. ಮೇಧಾ ಎರಡು ತಟ್ಟೆ ತಿಂದಳು. ಎಷ್ಟೋ ತಿಂಗಳಿಂದ ಊಟದ ಮುಂದೆ ತಲೆ ಎತ್ತದೆ ಕೂರುತ್ತಿದ್ದ ವೇಣುಗೋಪಾಲ, "ಇನ್ನೊಂಚೂರು ಇದ್ಯಾ?" ಎಂದು ಕೇಳಿದ. ಆ ಮಾತಿಗೆ ರಾಜಲಕ್ಷ್ಮಿಗೆ ಕಣ್ಣು ತುಂಬಿ ಬಂತು, ಸಿಂಕಿನ ಕಡೆ ತಿರುಗಿಕೊಂಡಳು.

ಆ ಚಳಿಗಾಲ ಕಳೆದದ್ದೇ ಅದರಲ್ಲಿ. ಮಿಕ್ಕಿದ್ದನ್ನು ಮಾರನೇ ದಿನ ಒಗ್ಗರಣೆ ಹಾಕಿ ಬಿಸಿ ಮಾಡಿದರೆ ಇನ್ನೂ ಚೆನ್ನಾಗಿರುತ್ತಿತ್ತು.

ಯುಗಾದಿಯ ಪಾಟ್‌ಲಕ್‌ಗೆ ಬೇರೇನೂ ಮಾಡುವ ಅನುಕೂಲ ಇಲ್ಲದೆ ಅದನ್ನೇ ಒಯ್ದಳು. ಯಾರೂ ಮುಟ್ಟುವುದಿಲ್ಲ ಎಂದುಕೊಂಡಿದ್ದಳು, ಪಾತ್ರೆ ಅರ್ಧ ಗಂಟೆಯಲ್ಲಿ ಖಾಲಿಯಾಯಿತು. ಬಳಗದ ಕಾರ್ಯದರ್ಶಿ ಸ್ಮಿತಾ ಬೆರಳು ನೆಕ್ಕುತ್ತ ಬಂದಳು. "ಏನ್ ಆಂಟಿ ಇದು? ಯಾರ ಹತ್ರ ಕಲಿತ್ರಿ?"

ಡೆಲ್ಫೀನ್ ಎಂಬ ಹೆಸರು ರಾಜಲಕ್ಷ್ಮಿಯ ನಾಲಿಗೆಯ ತುದಿಗೆ ಬಂದಿತ್ತು. ಡೆಲ್ಫೀನ್ ಅಂದರೆ ಯಾರು ಎಂದು ಕೇಳುತ್ತಾರೆ. ಜೊತೆಯಲ್ಲಿ ಕೆಲಸ ಮಾಡುವವರು ಎನ್ನಬೇಕು. ಯಾವ ಕ್ಲಾಸಿನ ಟೀಚರ್ ಎಂದು ಕೇಳುತ್ತಾರೆ. ಇಷ್ಟನ್ನೂ ಒಂದು ಉಸಿರಿನೊಳಗೆ ಯೋಚಿಸಿದ ರಾಜಲಕ್ಷ್ಮಿ, "ನಮ್ಮಜ್ಜಿ ಮಾಡ್ತಿದ್ರು. ತಳದ ಬಾತ್ ಅಂತ" ಎಂದುಬಿಟ್ಟಳು.

ಪಾಪ, ಅವಳ ಅಜ್ಜಿ. ಕೃಷ್ಣರಾಜನಗರದ ಆ ಅಜ್ಜಿ ತಳ ಹಿಡಿದ ವಾಸನೆ ಬಂದರೆ ಮೂರು ಮನೆಗೆ ಕೇಳುವ ಹಾಗೆ ಬೈಯುತ್ತಿದ್ದರು. ಸೆಲರಿಯ ಹೆಸರೂ ಕೇಳಿದವರಲ್ಲ.

ಒಂದು ವರ್ಷ ಆ ಅಜ್ಜಿ ಪಾಟ್‌ಲಕ್‌ನಿಂದ ಪಾಟ್‌ಲಕ್‌ಗೆ ಬೆಳೆದರು. ೨೦೨೩ರ ಯುಗಾದಿಗೆ ಬಳಗದವರು ಸ್ಮರಣ ಸಂಚಿಕೆ ತರುವುದೆಂದು ನಿಶ್ಚಯವಾದಾಗ ಸ್ಮಿತಾ ಫೋನ್ ಮಾಡಿದಳು. "ಅಜ್ಜಿಯ ಕೈರುಚಿ ಅಂತ ಒಂದು ಸೆಕ್ಷನ್ ಆಂಟಿ. ನಿಮ್ಮ ತಳದ ಬಾತ್ ಇಲ್ದೆ ಅದು ಕಂಪ್ಲೀಟ್ ಆಗಲ್ಲ. ಫೋಟೋ ಸಮೇತ ಒಂದು ಪೇಜ್ ಬರೆದುಕೊಡಿ." ಬೇಡ ಎನ್ನಲು ಒಂದು ಕಾರಣ ಬೇಕಿತ್ತು, ಸಿಗಲಿಲ್ಲ. ಬರೆಯಲು ಕುಳಿತರೆ ಟೀಚರಮ್ಮನ ಕೈ ಓಡಿತು. ಹಿತ್ತಾಳೆಯ ಪಾತ್ರೆ ಬಂತು, ಸೌದೆ ಒಲೆ ಬಂತು, "ಹಿಡೀಲಿ ಬಿಡೇ, ರುಚಿ ಬರೋದೇ ಅಲ್ಲಿಂದ" ಎಂಬ ಮಾತು ಅಜ್ಜಿಯ ಬಾಯಿಗೆ ಬಂತು. ಆ ಸಾಲು ಬರೆದಾಗ ಪೆನ್ನು ಒಂದು ಗಳಿಗೆ ನಿಂತಿತು. ಆದರೂ ಹೊಡೆದು ಹಾಕಲಿಲ್ಲ, ಚೆನ್ನಾಗಿ ಬಂದಿತ್ತು.

ಆ ಸಲ ಬಳಗಕ್ಕೆ ಸಿಕ್ಕಿದ ಜಾಗ ರಾಜಲಕ್ಷ್ಮಿಯ ಶಾಲೆಯೇ. ಅವಳಿರುವುದು ಯಾವ ಶಾಲೆಯಲ್ಲಿ ಎಂದು ಬಳಗದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಸಂಘ ಸಂಸ್ಥೆಗಳು ಹಬ್ಬಕ್ಕೆ ಶಾಲೆಯ ಸಭಾಂಗಣ, ಕೆಫೆಟೀರಿಯಾ ಬಾಡಿಗೆಗೆ ಹಿಡಿಯುವುದು ರೂಢಿ, ಅಡುಗೆಮನೆ ಬಳಸಿದರೆ ಅಲ್ಲಿಯ ಸಿಬ್ಬಂದಿಯಲ್ಲಿ ಒಬ್ಬರು ಹಾಜರಿರಬೇಕು. ರಾಜಲಕ್ಷ್ಮಿ ಹೋಗಿ ಡ್ಯೂಟಿ ಪಟ್ಟಿ ನೋಡಿದಳು. ಬೇರೆ ಶಾಲೆಯ ಯಾರೋ ಗಂಡಸಿನ ಹೆಸರಿತ್ತು. ಬದುಕಿಕೊಂಡೆ ಎಂದುಕೊಂಡಳು. ಶನಿವಾರ ಮಾವಿನಕಾಯಿ ಬಣ್ಣದ ರೇಷ್ಮೆ ಸೀರೆ ಉಟ್ಟು, ಬಾತಿನ ಪಾತ್ರೆ ಹೊತ್ತು, ದಿನಾ ಹಿಂದಿನ ಬಾಗಿಲಿಂದ ಒಳಹೋಗುತ್ತಿದ್ದವಳು ಮುಂದಿನ ಬಾಗಿಲಿಂದ ಹೋದಳು.

ಅಡುಗೆಮನೆಯ ಬಾಗಿಲಲ್ಲಿ ಡೆಲ್ಫೀನ್ ನಿಂತಿದ್ದರು. ನಿನ್ನ ಹಬ್ಬ ನೋಡಬೇಕೆಂದು ಪಟ್ಟಿಯಲ್ಲಿದ್ದವನ ಹತ್ತಿರ ಡ್ಯೂಟಿ ಬದಲಾಯಿಸಿಕೊಂಡೆ ಎಂದರು. ಎರಡೂ ಕೈ ಚಾಚಿ, "ಮಿಸ್ ರಾಜ್, ನಿನ್ನ ನೋಡೋಕೆ ಕಣ್ಣು ಸಾಲಲ್ಲ" ಎಂದರು. ಅಷ್ಟರಲ್ಲಿ ಪಕ್ಕಕ್ಕೆ ಸ್ಮಿತಾ ಬಂದಳು, ಇನ್ನಿಬ್ಬರು ಹೆಂಗಸರು ಬಂದರು, ಪ್ಲೇಟು ಹಿಡಿದು ಮೇಧಾ ಬಂದಳು.

"ನಿಮಗೆ ಪರಿಚಯಾನಾ ಆಂಟಿ ಇವರು?" ಎಂದಳು ಸ್ಮಿತಾ.

ಡೆಲ್ಫೀನ್ ನಗುತ್ತ, ತಮ್ಮನ್ನು ಏನೆಂದು ಪರಿಚಯ ಮಾಡಿಕೊಡುತ್ತಾಳೋ ಎಂದು ಕಾದು ನಿಂತಿದ್ದರು. ರಾಜಲಕ್ಷ್ಮಿಯೂ ನಗುತ್ತಲೇ ಕನ್ನಡದಲ್ಲಿ ಹೇಳಿದಳು: "ಹಾಗೇನಿಲ್ಲ. ಮೇಧಾ ಇಲ್ಲಿ ಓದ್ತಿದ್ದಾಗ ಲಂಚ್ ಬಡಿಸ್ತಿದ್ರು. ಮುಖ ನೋಡಿದೀನಿ ಅಷ್ಟೆ."

ಎದುರಿಗೆ ನಿಂತವರನ್ನು ಅವರ ಎದುರಿಗೇ ಅಲ್ಲಗಳೆಯಲು ಕನ್ನಡ ಎಷ್ಟು ಅನುಕೂಲವಾಯಿತು ನೋಡಿ. ಡೆಲ್ಫೀನ್‌ಗೆ ಒಂದಕ್ಷರ ತಿಳಿಯಲಿಲ್ಲ. ಒಳ್ಳೆಯದೇ ಹೇಳಿರಬೇಕೆಂದು ಸ್ಮಿತಾಳ ಕೈ ಕುಲುಕಿದರು. ಊಟದ ಹೊತ್ತಿಗೆ ಯಾರೋ ಅವರಿಗೂ ಒಂದು ತಟ್ಟೆ ತಂದುಕೊಟ್ಟರು. ಬಾತಿನ ಮೊದಲ ತುತ್ತಿಗೇ ತಲೆ ಎತ್ತಿ, ಗುಂಪಿನಾಚೆ ರಾಜಲಕ್ಷ್ಮಿಯನ್ನು ಹುಡುಕಿ, ಕಣ್ಣು ಮಿಟುಕಿಸಿದರು. ಹೋಗುವಾಗ ಬಾಗಿಲ ಬಳಿ ಇಟ್ಟಿದ್ದ ಸ್ಮರಣ ಸಂಚಿಕೆಯ ಒಂದು ಪ್ರತಿ ಎತ್ತಿಕೊಂಡರು.

ಕಾರಿನಲ್ಲಿ ಮೇಧಾ, ಮನೆ ಹತ್ತಿರ ಬಂದಾಗ, "ಅಮ್ಮಾ, ಶೀ ವಾಸ್ ಸ್ಟ್ಯಾಂಡಿಂಗ್ ರೈಟ್ ದೇರ್" ಎಂದಳು.

"ನಿನಗೆ ಅರ್ಥ ಆಗಲ್ಲ ಪುಟ್ಟಿ."

"ನಂಗೆ ಕನ್ನಡ ಅರ್ಥ ಆಗುತ್ತೆ ಅಮ್ಮಾ. ಮಿಸ್ ಡೆಲ್ಫೀನ್‌ಗೆ ಆಗಲ್ಲ."

ರಾಜಲಕ್ಷ್ಮಿಗೆ ಹದಿನೈದು ವರ್ಷದ ಮಗಳ ಮುಖ ನೋಡಲು ಆ ಸಂಜೆ ಧೈರ್ಯ ಬರಲಿಲ್ಲ.

ಸೋಮವಾರ ಮಕ್ಕಳ ಊಟ ಮುಗಿದ ಮೇಲೆ ಡೆಲ್ಫೀನ್ ಸಂಚಿಕೆ ತಂದು ಸ್ಟೀಲ್ ಮೇಜಿನ ಮೇಲೆ ಬಿಡಿಸಿಟ್ಟರು. ರಾಜಲಕ್ಷ್ಮಿಯ ಫೋಟೋ, ಬಾತಿನ ಫೋಟೋ, ಸುತ್ತ ಕನ್ನಡ. "ಇದು ನಮ್ಮ ಪಾತ್ರೆ ಅಂತ ಗೊತ್ತಾಯ್ತು. ಉಳಿದದ್ದು ಏನು ಬರೆದಿದೆ ಅಂತ ಓದಿ ಹೇಳು."

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. ಅಡುಗೆಮನೆಯಲ್ಲಿ ಇಬ್ಬರೇ ಇದ್ದರು, ಡಿಶ್‌ವಾಷರ್ ಸದ್ದು ಮಾಡುತ್ತಿತ್ತು, ಅತ್ತರೂ ಕೇಳುತ್ತಿರಲಿಲ್ಲ. ಹೇಳಬೇಕೆಂದೇ ಬಾಯಿ ತೆರೆದಳು ರಾಜಲಕ್ಷ್ಮಿ. ಆದರೆ ಡೆಲ್ಫೀನ್ ಕನ್ನಡಕ ಏರಿಸಿಕೊಂಡು, ಶಾಲೆಯ ಮಗುವಿನ ಹಾಗೆ ಮೊಣಕೈ ಊರಿ ಕುಳಿತಿದ್ದರು. "ಈ ಅಡುಗೆಯನ್ನು," ಎಂದು ಶುರು ಮಾಡಿದ ರಾಜಲಕ್ಷ್ಮಿ, "ನನಗೆ ಕಲಿಸಿದ್ದು ನನ್ನ ಸ್ನೇಹಿತೆ ಡೆಲ್ಫೀನ್" ಎಂದು ಮುಗಿಸಿದಳು. ಅಲ್ಲಿಂದ ಮುಂದೆ ಸುಳ್ಳು ತಾನಾಗಿ ಹರಿಯಿತು. ಹಿತ್ತಾಳೆ ಪಾತ್ರೆ ಇದ್ದ ಸಾಲಿನಲ್ಲಿ ಲೂಸಿಯಾನಾ ಓದಿದಳು, ಸೌದೆ ಒಲೆ ಇದ್ದ ಸಾಲಿನಲ್ಲಿ ಒಂಬತ್ತು ಮಕ್ಕಳ ತಾಯಿಯನ್ನು ಓದಿದಳು.

ಡೆಲ್ಫೀನ್ ಪುಟವನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ನನ್ನ ಹೆಸರು ಎಲ್ಲಿದೆ, ತೋರಿಸು" ಎಂದರು.

ರಾಜಲಕ್ಷ್ಮಿಯ ಬೆರಳು ಪುಟದ ಮೇಲೆ ಅಲೆದಾಡಿತು. ಕೊನೆಗೆ ಮೊದಲ ಸಾಲಿನ ಒಂದು ಪದದ ಮೇಲೆ ನಿಂತಿತು. ಅದು "ಅಜ್ಜಿ". ಡೆಲ್ಫೀನ್ ಏಪ್ರನ್ನಿನ ಜೇಬಿನಿಂದ ಕೆಂಪು ಪೆನ್ನು ತೆಗೆದು ಆ ಎರಡು ಅಕ್ಷರದ ಸುತ್ತ ನಿಧಾನವಾಗಿ ಒಂದು ಗೆರೆ ಸುತ್ತಿದರು. "ಎಷ್ಟು ದುಂಡಗಿದೆ ನನ್ನ ಹೆಸರು" ಎಂದರು. ಈ ಕೆಲಸದ ಮೂವತ್ತೊಂದು ವರ್ಷದಲ್ಲಿ ನನ್ನ ಹೆಸರು ಎಲ್ಲೂ ಅಚ್ಚಾಗಿಲ್ಲ ಎಂದೂ ಹೇಳಿದರು. ನೆಲ ಬಾಯಿಬಿಟ್ಟಿದ್ದರೆ ರಾಜಲಕ್ಷ್ಮಿ ಅಲ್ಲೇ ಇಳಿದುಹೋಗುತ್ತಿದ್ದಳು. ಬಿಡಲಿಲ್ಲವಾದ್ದರಿಂದ ಟ್ರೇ ತೊಳೆಯಲು ಹೋದಳು.

ಜೂನಿನಲ್ಲಿ ಡೆಲ್ಫೀನ್ ನಿವೃತ್ತಿಯಾದರು. ಮಗಳ ಮನೆಯ ಹತ್ತಿರ ಇರಲೆಂದು ನಾರ್ತ್ ಕ್ಯಾರೊಲೈನಾದ ಶಾರ್ಲಟ್‌ಗೆ ಹೊರಟುಹೋದರು. ಒಂದು ತಿಂಗಳಿಗೆ ಹೊಸ ಅಡುಗೆಮನೆಯ ಫೋಟೋ ಕಳಿಸಿದರು. ಒಲೆಯ ಪಕ್ಕದ ಗೋಡೆಯ ಮೇಲೆ, ಮರದ ಚೌಕಟ್ಟಿನೊಳಗೆ, ಗಾಜಿನ ಹಿಂದೆ, ರಾಜಲಕ್ಷ್ಮಿಯ ಪುಟ. ಕೆಂಪು ಸುತ್ತು ಅಷ್ಟು ದೂರದಿಂದಲೂ ಕಾಣುತ್ತಿತ್ತು.

ಆಮೇಲೆ ರಾಜಲಕ್ಷ್ಮಿ ಆ ಬಾತ್ ಮಾಡುವುದನ್ನೇ ಬಿಟ್ಟಳು. ಬಳಗದವರು ಕೇಳಿದರೆ ಸೊಂಟನೋವು ಎಂದಳು. ಮನೆಯಲ್ಲಿ ಮೇಧಾ ಕೇಳಲೇ ಇಲ್ಲ, ಅದು ಇನ್ನೂ ಕಷ್ಟವಾಗಿತ್ತು. ಗೋಡೆಯ ಮೇಲಿರುವುದು ತಾನು ಬರೆದ ಸುಳ್ಳು, ಅದನ್ನು ಆ ಹೆಂಗಸು ದಿನಾ ಬೆಳಗ್ಗೆ ಕಾಫಿ ಕುಡಿಯುತ್ತ ನೋಡುತ್ತಾರೆ ಎಂಬುದು ಮತ್ತೆ ಮತ್ತೆ ನೆನಪಾಗುತ್ತಿತ್ತು. ಒಂದೇ ಒಂದು ಸಮಾಧಾನವಿತ್ತು, ನಾಚಿಕೆಗೆಟ್ಟ ಸಮಾಧಾನ: ಅಲ್ಲಿ ಅದನ್ನು ಓದುವವರು ಯಾರೂ ಇಲ್ಲ.

ಕನ್ನಡದವರು ಎಲ್ಲಿಲ್ಲ? ಅಕ್ಟೋಬರಿನ ಒಂದು ಗುರುವಾರ ಡೆಲ್ಫೀನ್ ಮೆಸೇಜ್ ಕಳಿಸಿದರು. ಪಕ್ಕದ ಮನೆಗೆ ಪ್ರಶಾಂತ್, ರಚನಾ ಎಂಬ ಗಂಡ ಹೆಂಡತಿ ಬಾಡಿಗೆಗೆ ಬಂದಿದ್ದಾರೆ, ನಿಮ್ಮ ಭಾಷೆಯವರೇ, ಸೋಮವಾರ ಅವರನ್ನು ಊಟಕ್ಕೆ ಕರೆದಿದ್ದೇನೆ, ಸಾಸೇಜ್ ಹಾಕದೆ ಮಾಡುತ್ತೇನೆ, ಅವರ ಕೈಯಲ್ಲಿ ನನ್ನ ಪುಟ ಇನ್ನೊಂದು ಸಲ ಓದಿಸಿ ಕೇಳಬೇಕು.

ರಾಜಲಕ್ಷ್ಮಿ ಮೆಸೇಜನ್ನು ವೇಣುಗೋಪಾಲನಿಗೆ ತೋರಿಸಿದಳು. ಅವನು ಬಹಳ ಯೋಚಿಸಿ, "ಆ ಪ್ರಶಾಂತ್ ನಂಬರ್ ಹುಡುಕಿ ಮೊದಲೇ ಒಂದು ಮಾತು ಹೇಳಿಬಿಟ್ರೆ? ನಮ್ಮವರೇ ತಾನೆ, ಅಡ್ಜಸ್ಟ್ ಮಾಡ್ಕೋತಾರೆ" ಎಂದ. ಆ ಮಾತು ಕೇಳಿದ ಮೇಲೆ ರಾಜಲಕ್ಷ್ಮಿಗೆ ತಾನು ಎಲ್ಲಿಗೆ ಬಂದು ನಿಂತಿದ್ದೇನೆಂದು ಸರಿಯಾಗಿ ಕಂಡಿತು. "ಬೇಡ ರೀ. ಸಾಕು" ಎಂದಳು. ಸಾಕು ಎಂದಳೇ ಹೊರತು ಶುಕ್ರವಾರ ಫೋನ್ ಮಾಡಲಿಲ್ಲ, ಶನಿವಾರವೂ ಮಾಡಲಿಲ್ಲ. ಭಾನುವಾರ ಮಧ್ಯಾಹ್ನ ಮೇಧಾ ಫೋನ್ ತಂದು ಅಮ್ಮನ ಮುಂದೆ ಇಟ್ಟು, ಎದುರು ಕುರ್ಚಿಯಲ್ಲಿ ಕುಳಿತಳು.

"ಮಿಸ್ ಡೆಲ್ಫೀನ್, ನಿಮಗೆ ಒಂದು ವಿಷಯ ಹೇಳಬೇಕು" ಎಂದಳು ರಾಜಲಕ್ಷ್ಮಿ.

"ಅವರು ನಿನ್ನೇನೇ ಬಂದಿದ್ರು" ಎಂದರು ಡೆಲ್ಫೀನ್. "ಸೋಮವಾರ ಅವನಿಗೇನೋ ಮೀಟಿಂಗ್ ಅಂತೆ. ಒಳ್ಳೇ ಮಕ್ಕಳು. ಆ ಹುಡುಗ ಓದಿದ."

"ಏನು ಓದಿದ?"

"ನೀನು ಓದಿದ್ದೇ ಓದಿದ. ನಾನು ಮೊದಲೇ ಹೇಳಿಟ್ಟಿದ್ದೆ, ಅದರಲ್ಲಿ ನನ್ನ ಬಗ್ಗೆ ಬರೆದಿದೆ, ಈ ಸುತ್ತು ಹಾಕಿರೋದು ನನ್ನ ಹೆಸರು ಅಂತ. ಅವನು ಸುತ್ತು ನೋಡಿದ. ಹೆಂಡತಿ ಮುಖ ನೋಡಿದ. ನನ್ನ ಮುಖ ನೋಡಿದ. ಆಮೇಲೆ, ಹೌದು ಮ್ಯಾಮ್, ನಿಮ್ಮ ಹೆಸರೇ ಅಂದ."

ಫೋನಿನಲ್ಲಿ ಡೆಲ್ಫೀನ್ ಪಾತ್ರೆಯ ಮುಚ್ಚಳ ಮುಚ್ಚಿದ ಸದ್ದು ಕೇಳಿಸಿತು.

"ಮೂವತ್ತೊಂದು ವರ್ಷ ಮಕ್ಕಳಿಗೆ ಬಡಿಸಿದೀನಿ ಮಿಸ್ ರಾಜ್. ಮನೇಲಿ ತಿಂಡಿ ಆಯ್ತು ಅಂತ ಸುಳ್ಳು ಹೇಳೋ ಮಗುವಿನ ಮುಖ ನನಗೆ ಗೊತ್ತಾಗುತ್ತೆ. ಆ ಹುಡುಗನ ಮುಖ ಹಾಗಿತ್ತು. ಆ ಸೋಮವಾರ ನಿನ್ನ ಮುಖಾನೂ ಹಾಗೇ ಇತ್ತು. ನಾನು ನೋಡಲಿಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ನಿಜ ಆಗಿರಲಿ ಅಂತ ನನಗೆ ಆಸೆ ಇತ್ತು. ಈಗ ಹೇಳು, ಅಲ್ಲಿ ಏನು ಬರೆದಿದೆ?"

ರಾಜಲಕ್ಷ್ಮಿ ತನ್ನ ಪ್ರತಿ ತರಿಸಿಕೊಂಡಳು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಒಂದು ಪದವನ್ನೂ ಬಿಡದೆ, ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಓದಿದಳು. ಅಜ್ಜಿ, ಹಿತ್ತಾಳೆ ಪಾತ್ರೆ, ಸೌದೆ ಒಲೆ. "ಹಿಡೀಲಿ, ರುಚಿ ಬರೋದೇ ಅಲ್ಲಿಂದ" ಎಂಬ ಸಾಲನ್ನೂ ಓದಿದಳು. ಹಬ್ಬದ ದಿನ ಅವರ ಎದುರು ನಿಂತು ಸ್ಮಿತಾಗೆ ಏನು ಹೇಳಿದ್ದಳೋ ಅದನ್ನೂ ಹೇಳಿದಳು. ಯಾಕೆ ಹೇಳಿದ್ದಳೋ ಅದನ್ನೂ ಹೇಳಿದಳು.

"ಅಂದ್ರೆ ಆ ಕೆಲಸ ಹೇಳ್ಕೊಳ್ಳೋಕೆ ನಿನಗೆ ನಾಚಿಕೆ" ಎಂದರು ಡೆಲ್ಫೀನ್.

"ಹೌದು."

"ಅದು ನನ್ನ ಕೆಲಸಾನೂ ಹೌದು."

ರಾಜಲಕ್ಷ್ಮಿ ಕ್ಷಮಿಸಿ ಎಂದಳು, ಎರಡು ಸಲ ಎಂದಳು. ಡೆಲ್ಫೀನ್ ಕ್ಷಮಿಸಿದೆ ಎನ್ನಲಿಲ್ಲ, ಫೋನ್ ಇಡಲೂ ಇಲ್ಲ. ಕೊನೆಗೆ, "ಗೋಡೆಯಿಂದ ಇದನ್ನ ತೆಗೀತೀನಿ. ಚೌಕಟ್ಟು ಒಳ್ಳೇದಿದೆ, ಇರಲಿ. ಸರಿಯಾದ್ದು ಬರೆದು ಕಳಿಸು. ಬುಧವಾರ ಆ ಮಕ್ಕಳು ಮತ್ತೆ ಬರ್ತಾರೆ. ಈ ಸಲ ನೀನು ಓದಿ ಹೇಳಬೇಡ, ಅವನು ಓದ್ತಾನೆ. ಇದ್ದದ್ದು ಇದ್ದ ಹಾಗೆ ಓದು ಅಂತ ಹೇಳ್ತೀನಿ" ಎಂದರು.

ತನ್ನ ಬಾಯಿಯ ಮಾತನ್ನು ಅವರು ಇನ್ನು ನಂಬುವುದಿಲ್ಲ. ಅದು ನ್ಯಾಯವೇ ಎಂದು ರಾಜಲಕ್ಷ್ಮಿಗೆ ಅನ್ನಿಸಿತು, ಅನ್ನಿಸಿದ್ದರಿಂದ ನೋವೇನೂ ಕಡಿಮೆಯಾಗಲಿಲ್ಲ.

ಮೇಧಾಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಕೇಳಿ ತೆಗೆದುಕೊಂಡು ಊಟದ ಮೇಜಿಗೇ ಕುಳಿತಳು. ಮೊದಲ ಸಾಲಿಗೆ ತುಂಬ ಹೊತ್ತು ಹಿಡಿಯಿತು. "ನಾನು ಸ್ಟರ್ಲಿಂಗಿನ ಒಂದು ಶಾಲೆಯ ಕೆಫೆಟೀರಿಯಾದಲ್ಲಿ ಮಕ್ಕಳಿಗೆ ಊಟ ಬಡಿಸುತ್ತೇನೆ. ಈ ಅಡುಗೆಯನ್ನು ನನಗೆ ಕಲಿಸಿದವರು ಅಲ್ಲಿಯ ನಮ್ಮ ಯಜಮಾನಿ ಡೆಲ್ಫೀನ್. ನನ್ನ ಅಜ್ಜಿ ಇದನ್ನು ಎಂದೂ ಮಾಡಿದವರಲ್ಲ." ಉಳಿದದ್ದು ಬೇಗ ಬಂತು. ಮಣಿಕಟ್ಟು ಹಿಡಿದದ್ದು, ಮೂರು ಸಲ ತಳ ಹಿಡಿಸಿದ್ದು, ಇಪ್ಪತ್ತು ನಿಮಿಷದ ಮುಚ್ಚಳ, ಎಲ್ಲವನ್ನೂ ಬರೆದಳು. ಫೋಟೋ ತೆಗೆದು ಶಾರ್ಲಟ್‌ಗೆ ಕಳಿಸಿದಳು. ಆಮೇಲೆ ಬಳಗದ ಗುಂಪು ತೆರೆದಳು. ಇನ್ನೂರ ಹನ್ನೆರಡು ಜನ. ಅಲ್ಲಿಗೂ ಅದೇ ಫೋಟೋ ಹಾಕಿದಳು.

ಐದು ನಿಮಿಷಕ್ಕೆ ಸ್ಮಿತಾಳ ಫೋನ್ ಬಂತು. "ಆಂಟಿ, ಗ್ರೂಪ್‌ನಲ್ಲಿ ಹಾಕಿದೀರಲ್ಲ, ಜಾಸ್ತಿ ಜನ ಇನ್ನೂ ನೋಡಿಲ್ಲ. ರೆಸಿಪಿ ಇರಲಿ. ಆ ಮೊದಲನೇ ಲೈನ್ ಬೇಕಾ? ಬೇಕಿದ್ರೆ ಡಿಲೀಟ್ ಮಾಡಿ ಬರೀ ರೆಸಿಪಿ ಹಾಕಿ, ನಾನು ಯಾರಿಗೂ ಹೇಳಲ್ಲ." ಒಳ್ಳೆಯ ಹುಡುಗಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ರಾಜಲಕ್ಷ್ಮಿಯ ಮುಖ ಕಿವಿಯವರೆಗೂ ಬಿಸಿಯಾಯಿತು. ಎದುರು ಕುರ್ಚಿಯಲ್ಲಿ ಮೇಧಾ ಇನ್ನೂ ಕುಳಿತಿದ್ದಳು.

"ಬೇಕು ಸ್ಮಿತಾ, ಇರಲಿ" ಎಂದಳು.

ಫೋನ್ ಒಂದೇ ಸಮ ಟಿಣ್ ಟಿಣ್ ಎನ್ನತೊಡಗಿತು. ರಾಜಲಕ್ಷ್ಮಿ ಅದನ್ನು ಬೋರಲು ಹಾಕಿ ಎದ್ದು, ಡಬ್ಬದಿಂದ ಎರಡು ಲೋಟ ಅಲಸಂದೆ ತೆಗೆದು ನೀರಿಗೆ ಹಾಕಿದಳು. ನಾಳೆ ಮಾಡಬೇಕೆಂದರೆ ಈಗಲೇ ನೆನೆಸಬೇಕಿತ್ತು.